ಕೆಮ್ಮಣ್ಣಿನ ಬೇಳೆ

ಮೊನ್ನೆ ದೀಪಾ ಶಾಲೆಯಿಂದ ಬಂದವಳೇ ಚೀಲವನ್ನು ಮೂಲೆಗೆ ಎಸೆದು ತನ್ನ ಅಂಗೈಯನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಮೂಸಿ ನೋಡು ಆಯಿ ಎಂದಳು. ನೆನೆದ ತೊಗರಿಯ ಹಸಿ ವಾಸನೆ, ಅದರ ಹಿಂದೆ ಒದ್ದೆ ಮಣ್ಣಿನ ವಾಸನೆ. ಉಗುರಿನ ಸಂದಿಯಲ್ಲಿ ಕೆಂಪು ಗೆರೆ ಉಳಿದಿತ್ತು. ಅವಳ ಶಾಲೆಯವರು ಮಕ್ಕಳನ್ನೆಲ್ಲ ಬಸ್ಸಿನಲ್ಲಿ ಸೇಡಂ ರಸ್ತೆಯ ಒಂದು ಹೊಲಕ್ಕೆ ಕರೆದುಕೊಂಡು ಹೋಗಿದ್ದರಂತೆ. ಅಲ್ಲಿ ಪಟ್ಟಣದ ಮಕ್ಕಳಿಗೆ ಬಿತ್ತುವುದು, ಕಳೆ ತೆಗೆಯುವುದು, ಜೋಳದ ರೊಟ್ಟಿ ಬಡಿಯುವುದು ಎಲ್ಲ ಕಲಿಸುತ್ತಾರಂತೆ. ಅಲ್ಲಿ ಬೆಳೆದದ್ದನ್ನೇ ಮಧ್ಯಾಹ್ನ ಊಟಕ್ಕೆ ಹಾಕುತ್ತಾರಂತೆ. ಟೋಪಿ ಹಾಕಿಕೊಂಡ ಒಬ್ಬ ಹುಡುಗಿ ಇವರಿಗೆ ಬೇಳೆ ಮಾಡುವುದನ್ನು ಹೇಳಿಕೊಟ್ಟಳಂತೆ. ಕೆಂಪು ಮಣ್ಣು ಹಚ್ಚಿ ಒಣಗಿಸಿದರೆ ತೊಗರಿಯ ಸಿಪ್ಪೆ ಬಿಡುತ್ತದೆ ಎಂದು ದೀಪಾ ನನಗೆ ವಿವರಿಸಿದಳು, ನಾನು ತೊಗರಿಯನ್ನೇ ಕಾಣದವಳು ಎಂಬಂತೆ.

ನಾನು ಹೂಂಗುಟ್ಟಿದೆ. ಸ್ವಲ್ಪ ಹೊತ್ತಿಗೆ ಎದೆಯ ಕೆಳಗೆ ಉರಿ ಶುರುವಾಯಿತು. ನಿಮ್ಮ ಅವ್ವ ನನ್ನ ಮುಖ ನೋಡಿ, ಬೆಳಿಗ್ಗೆ ತಿಂದ ಮಿರ್ಚಿ ಭಜ್ಜಿ ಕಾಡುತ್ತಿರಬೇಕೆಂದು ಅಜವಾನ ತಂದು ಕೊಟ್ಟಳು. ಅಜವಾನ ಅಗಿದು ನೀರು ಕುಡಿದೆ. ಆದರೆ ಮೊಮ್ಮಕ್ಕಳೇ, ಅದು ಭಜ್ಜಿಯ ಉರಿಯಲ್ಲ. ಆ ಉರಿ ನನಗೆ ಬಹಳ ವರ್ಷಗಳಿಂದ ಗೊತ್ತು. ಅದಕ್ಕೆ ಹೊಟ್ಟೆಕಿಚ್ಚು ಎನ್ನುತ್ತಾರೆ, ಮತ್ತು ನನ್ನ ಹೊಟ್ಟೆಕಿಚ್ಚಿಗೆ ಒಂದು ಹೆಸರಿದೆ: ಮಾಣಿಕಮ್ಮ.

ನಿಮಗೆ ಅವಳು ಸೇಡಮ್ಮಿನ ಸಣ್ಣಾಯಿ. ಬಂದಾಗಲೆಲ್ಲ ಡಬ್ಬಿ ತುಂಬ ಶೇಂಗಾ ಉಂಡಿ ತರುವವಳು, ಫೋನಿನಲ್ಲಿ ಮಾತಾಡಿದರೆ ಮೂರು ಮನೆಗೆ ಕೇಳಿಸುವವಳು. ನೀವು ಅವಳ ಕೊರಳಿಗೆ ಜೋತುಬೀಳುತ್ತೀರಿ. ನನ್ನ ಕೊರಳಿಗೆ ಬೀಳುವಾಗ ಮೊದಲು ಕೇಳಿ ಬೀಳುತ್ತೀರಿ. ಇರಲಿ. ಅವಳು ನನಗೆ ನೆಗೆಣ್ಣಿ, ಎಂದರೆ ನನ್ನ ಗಂಡನ, ನಿಮ್ಮ ಮುತ್ಯಾನ, ತಮ್ಮನ ಹೆಂಡತಿ. ಅವಳ ಮೇಲೆ ನನಗೆ ಯಾಕೆ ಹೊಟ್ಟೆಕಿಚ್ಚು ಎಂಬುದನ್ನು ಬರೆದಿಡುತ್ತೇನೆ. ಎದುರಿಗೆ ಕೂತು ಹೇಳೆಂದರೆ ನನ್ನಿಂದ ಆಗದು. ಬರೆಯುವಾಗ ಯಾರೂ ಮುಖ ನೋಡುವುದಿಲ್ಲವಲ್ಲ.

ಮೊದಲು ನನ್ನ ಆಸೆಯ ಮಾತು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ಚಿತ್ತಾಪುರದ ಆಚೆಗಿನ ನನ್ನ ತವರೂರಿಗೆ ಕನ್ನಡ ಸಾಲಿ ಬಂತು. ನಮ್ಮಣ್ಣಂದಿರು ಉರ್ದು ಓದಿದವರು. ಕನ್ನಡವನ್ನು ಸಾಲಿಯಲ್ಲಿ ಕಲಿತವಳು ನಮ್ಮ ಮನೆಯಲ್ಲಿ ನಾನೇ ಮೊದಲು. ನಮಗೆ ಪಾಠ ಹೇಳಲು ಒಬ್ಬ ಹೆಂಗಸು ಬಂದಿದ್ದರು. ನಮ್ಮ ಕಡೆ ಪಾಠ ಹೇಳುವ ಹೆಂಗಸನ್ನು ಅಕ್ಕೋರು ಎನ್ನುತ್ತಾರೆ. ಆ ಅಕ್ಕೋರು ಕೊಡೆ ಹಿಡಿದು ಬರುತ್ತಿದ್ದರೆ ಕಟ್ಟೆಯ ಮೇಲೆ ಕೂತ ಗಂಡಸರು ಬೀಡಿ ಹಿಂದಕ್ಕೆ ಮಾಡುತ್ತಿದ್ದರು. ಅವರು ಬಾಗಿಲಲ್ಲಿ ಕಂಡರೆ ನಾವೆಲ್ಲ ದಡಕ್ಕನೆ ಎದ್ದು ನಿಲ್ಲುತ್ತಿದ್ದೆವು. ನನಗೆ ಅಕ್ಕೋರಾಗಬೇಕಿತ್ತು. ಖರೇ ಹೇಳಬೇಕೆಂದರೆ ಪಾಠ ಹೇಳುವ ಆಸೆಗಿಂತ, ನಾಲ್ಕು ಮಂದಿ ನನ್ನನ್ನು ನೋಡಿ "ಅಕ್ಕೋರೇ" ಎನ್ನಲಿ ಎಂಬ ಆಸೆ ದೊಡ್ಡದಿತ್ತು. ಮನೆಯ ಕೊಟ್ಟಿಗೆಯಲ್ಲಿ ಕರುಗಳನ್ನು ಸಾಲಾಗಿ ಕಟ್ಟಿ ಅವುಗಳ ಮುಂದೆ ಪಾಠ ಹೇಳಲು ನಿಂತಿದ್ದೆ. ಕರುಗಳು ತಲೆಯೆತ್ತಿ ನೋಡಿದವು. ಅಷ್ಟಕ್ಕೇ ನನ್ನ ಗಂಟಲು ಕಟ್ಟಿತು.

ಇಂಥ ಗಂಟಲು ಇಟ್ಟುಕೊಂಡೇ ಏಳನೇ ಇಯತ್ತೆ ಪಾಸಾದೆ. ಆಮೇಲೆ ಮದುವೆ. ರಾವೂರಿನ ಹತ್ತಿರದ ಹಳ್ಳಿ, ಕರಿ ಭೂಮಿ, ಒಂದು ಮಗ್ಗುಲಲ್ಲಿ ಕಲ್ಲಿನ ಗಣಿ. ಗಾಳಿ ಈ ಕಡೆ ಬೀಸಿದರೆ ವಾಡಿಯ ಕಾರ್ಖಾನೆಯ ಭೋಂಗಾ ಕೇಳಿಸುತ್ತಿತ್ತು. ನಮ್ಮ ಅತ್ತೆ ಆ ಸದ್ದಿಗೆ ಒಲೆ ಹಚ್ಚುತ್ತಿದ್ದರು. ನಿಮ್ಮ ಮುತ್ಯಾ ಮಾತು ಕಡಿಮೆಯ ಮನುಷ್ಯ, ನಾನೂ ಹಾಗೇ. ನಾವಿಬ್ಬರೂ ಇದ್ದ ಕೋಣೆಯಲ್ಲಿ ಯಾರೂ ಇಲ್ಲವೆಂದು ತಿಳಿದು ಅತ್ತೆ ಬಾಗಿಲು ಹಾಕಿಕೊಂಡು ಹೋದದ್ದೂ ಉಂಟು.

ಆ ಮನೆಯಲ್ಲಿ ನನಗೆ ಒಂದು ಹೆಸರಿತ್ತು, ಬೇಳೆಯಿಂದ ಬಂದ ಹೆಸರು. ನೀವು ಬೇಳೆಯನ್ನು ಪಾಕೀಟಿನಲ್ಲೇ ಕಂಡವರು, ಆದ್ದರಿಂದ ಹೇಳುತ್ತೇನೆ. ತೊಗರಿಯ ಸಿಪ್ಪೆ ಕಾಳಿಗೆ ಅಂಟಿಕೊಂಡಿರುತ್ತದೆ, ಸುಮ್ಮನೆ ಬೀಸುಕಲ್ಲಿಗೆ ಹಾಕಿದರೆ ಕಾಳು ಪುಡಿಯಾಗುತ್ತದೆಯೇ ಹೊರತು ಸಿಪ್ಪೆ ಬಿಡುವುದಿಲ್ಲ. ಅದನ್ನು ಬಿಡಿಸಲು ನನ್ನ ತವರಿನವರು ಎಣ್ಣೆ ಹಚ್ಚುತ್ತಿದ್ದರು. ಬೀಸುಕಲ್ಲಿನಲ್ಲಿ ತೊಗರಿಯನ್ನು ಒಮ್ಮೆ ಹಗುರಾಗಿ ತಿರುವಿ, ಕುಸುಬೆ ಎಣ್ಣೆ ಕೈಗೆ ಹಚ್ಚಿಕೊಂಡು ಕಾಳು ಕಾಳಿಗೂ ತಗಲುವಂತೆ ತಿಕ್ಕಿ, ಬಿಸಿಲಿಗೆ ಹಾಕಿ, ನೀರು ಚಿಮುಕಿಸಿ ಮುಚ್ಚಿಟ್ಟು, ಮತ್ತೆ ಬಿಸಿಲಿಗೆ ಹಾಕಿ, ಆಮೇಲೆ ಒಡೆಯುವುದು. ನಾನು ಒಡೆದ ಬೇಳೆ ಹಳದಿಯಾಗಿ ಹೊಳೆಯುತ್ತಿತ್ತು, ಒಂದು ಕುದಿಗೆ ಬೇಯುತ್ತಿತ್ತು. ಓಣಿಯ ಹೆಂಗಸರು ಬಂದು ಒಯ್ಯುತ್ತಿದ್ದರು. ಹೇಳಿಕೊಡು ಎಂದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಅವರು ನನಗೆ ಜಂಬ ಎಂದುಕೊಂಡರು.

ಆಗ ಮಾಣಿಕಮ್ಮ ಬಂದಳು, ಚಿಂಚೋಳಿ ಕಡೆಯಿಂದ. ಚಿಂಚೋಳಿಯ ಗುಡ್ಡದಲ್ಲಿ ಮಣ್ಣು ಕೆಂಪು, ನಿಮಗೆ ಗೊತ್ತಲ್ಲ. ಮದುವೆಯಾಗಿ ಮೊದಲ ಸಲ ಗಂಡನ ಮನೆಗೆ ಬರುವಾಗ ಬಸ್ಸಿನ ಮೇಲಿನಿಂದ ಅವಳ ಟ್ರಂಕು ಇಳಿಸಿದರು, ಹಾಸಿಗೆ ಇಳಿಸಿದರು, ಆಮೇಲೆ ಇಬ್ಬರು ಹಿಡಿದು ಒಂದು ಗೋಣಿಚೀಲ ಇಳಿಸಿದರು. ಬಿಚ್ಚಿ ನೋಡಿದರೆ ಮಣ್ಣು. ಅತ್ತೆ ಮೂಗಿನ ಮೇಲೆ ಬೆರಳಿಟ್ಟುಕೊಂಡರು.

"ಏನವ್ವಾ, ನಿಮ್ಮಪ್ಪ ಬಂಗಾರ ಹಾಕ್ತೀನಂದು ಮಣ್ ಕಟ್ಟಿ ಕಳಸ್ಯಾನಲ್ಲ?"

"ಬಂಗಾರ ಹಚ್ಚಿ ತಿಕ್ಕಿದ್ರ ತೊಗರಿ ಸಿಪ್ಪಿ ಬಿಡ್ತದೇನ್ರಿ ಅತ್ತಿ?" ಎಂದಳು ಹೊಸ ಸೊಸೆ, ಇನ್ನೂ ಹೊಸ್ತಿಲು ದಾಟಿರಲಿಲ್ಲ.

ಅತ್ತೆ ನಕ್ಕರು. ನಾನು ಆ ಮನೆಗೆ ಬಂದು ಎರಡು ಹೆತ್ತಿದ್ದೆ, ಅತ್ತೆ ಹಲ್ಲು ಕಾಣುವಂತೆ ನಕ್ಕದ್ದನ್ನು ಅವತ್ತೇ ಮೊದಲು ನೋಡಿದ್ದು. ಆ ಉರಿ ಅವತ್ತು ಹೊತ್ತಿಕೊಂಡಿತು ಎಂದು ನನ್ನ ಲೆಕ್ಕ.

ಅವಳ ರೀತಿ ಬೇರೆ. ತೊಗರಿಯನ್ನು ನೀರಲ್ಲಿ ನೆನೆಸಿ, ಬಸಿದು, ಕೆಮ್ಮಣ್ಣು ಕಲೆಸಿ ಗುಡ್ಡೆ ಹಾಕಿ ಮುಚ್ಚಿಡುವುದು. ಮರುದಿನದಿಂದ ಬಿಸಿಲಿಗೆ ಹರವುವುದು. ಚೆನ್ನಾಗಿ ಒಣಗಿದ ಮೇಲೆ ಮಣ್ಣನ್ನು ಜರಡಿ ಹಿಡಿದು ಒಡೆಯುವುದು. ಆ ಬೇಳೆಯ ನಡುವೆ ಮಗುವಿನ ಗಲ್ಲದ ಕುಳಿಯಂಥ ಒಂದು ತಗ್ಗು ಬೀಳುತ್ತದೆ. ಬೇಯಲು ಹೊತ್ತು ಹಿಡಿಯುತ್ತದೆ, ಆದರೆ ರುಚಿ ಎಂದರೆ ರುಚಿ ಎಂದು ಎಲ್ಲರೂ ಅಂದರು. ಅಂದವರಲ್ಲಿ ನಿಮ್ಮ ಮುತ್ಯಾನೂ ಒಬ್ಬರು. ವಾರಕ್ಕೆ ನಾಲ್ಕು ಮಾತಾಡುವ ಮನುಷ್ಯ ಅವುಗಳಲ್ಲಿ ಒಂದನ್ನು ನೆಗೆಣ್ಣಿಯ ಬೇಳೆಗೆ ಖರ್ಚು ಮಾಡಿದರು. ಅಂದಿನಿಂದ ನಮ್ಮ ಮನೆಯಲ್ಲಿ ಎರಡು ಗಡಿಗೆ ಆದವು. ಬೀಗರು ಬಂದರೆ ಮಾಣಿಕಮ್ಮನ ಗಡಿಗೆ, ದಿನದ ಸಾರಿಗೆ ನನ್ನ ಗಡಿಗೆ. ಯಾರೂ ಹೀಗೆ ಮಾಡಿ ಎಂದು ಹೇಳಲಿಲ್ಲ, ತಾನಾಗಿ ಆಯಿತು. ತಾನಾಗಿ ಆದದ್ದರ ಮೇಲೆ ಜಗಳ ತೆಗೆಯುವುದು ಹೇಗೆ?

ಇಷ್ಟಕ್ಕೇ ಮುಗಿದಿದ್ದರೆ ಬರೆಯುವಂಥದ್ದೇನೂ ಇರಲಿಲ್ಲ. ಆದರೆ ಊರಿಗೆ ಸಾಲಿ ಹೊಲ ಬಂತು.

ಊರ ಹೊರಗೆ ಸರಕಾರದ ಒಂದು ತುಂಡು ಹೊಲ ಬೀಳು ಬಿದ್ದಿತ್ತು. ಅದನ್ನು ಉತ್ತು, ಬೇಲಿ ಹಾಕಿ, ಶಹಾಬಾದಿ ಫರಸಿ ಹಾಸಿದ ಒಂದು ಉದ್ದನೆಯ ಪತ್ರಾಸಿನ, ಎಂದರೆ ತಗಡಿನ ಮಾಡಿನ, ಮನೆ ಕಟ್ಟಿದರು. ಸುತ್ತಲಿನ ಹಳ್ಳಿಗಳ ಹೆಂಗಸರು ತಂಡ ತಂಡವಾಗಿ ಬಂದು, ಅಲ್ಲೇ ಉಳಿದು, ಹೊಲದ ಕೆಲಸ ಮತ್ತು ಅಡುಗೆ ಕಲಿತು ಹೋಗುವುದು ಅದರ ಏರ್ಪಾಡು. ಕಚೇರಿಯವರು ಅದಕ್ಕೊಂದು ಉದ್ದ ಹೆಸರಿಟ್ಟಿದ್ದರು. ಊರವರು ಸಾಲಿ ಹೊಲ ಎಂದರು. ನಮಗೆಲ್ಲ ಆಶ್ಚರ್ಯ. ಸಜ್ಜೆ, ಜೋಳ, ಪುಂಡಿಪಲ್ಯ, ತೊಗರಿ, ಇವಕ್ಕೂ ಸಾಲಿ ಬೇಕೇ ಎಂದು. ಆದರೆ ಆಗ ಕಾಲ ಬದಲಾಗುತ್ತಿತ್ತು. ಜನ ತೊಗರಿಯನ್ನೆಲ್ಲ ಅಡತಿಗೆ ಮಾರಿ, ಬೇಳೆಯನ್ನು ಅಂಗಡಿಯಿಂದ ತರುತ್ತಿದ್ದರು. ಮನೆಯಲ್ಲಿ ಒಡೆಯುವುದು ಹುಡುಗಿಯರಿಗೆ ಮರೆಯುತ್ತಿತ್ತು. ಅಲ್ಲಿಯ ಮುಖ್ಯಸ್ಥೆ ಒಬ್ಬರು ತುಮಕೂರು ಕಡೆಯವರು. ಅವರನ್ನು ಎಲ್ಲರೂ ದೊಡ್ಡ ಅಕ್ಕೋರು ಎಂದು ಕರೆಯುತ್ತಿದ್ದರು. ಒಳ್ಳೆಯ ಹೆಂಗಸು. ನಮ್ಮ ಖಾರಕ್ಕೆ ಕಣ್ಣಲ್ಲಿ ನೀರು ಸುರಿಸಿಕೊಂಡೇ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದರು.

ಬೇಳೆ ಒಡೆಯುವುದನ್ನು ಕಲಿಸಲು ಊರಿನ ಒಬ್ಬ ಹೆಂಗಸು ಬೇಕು ಎಂದು ಅವರು ಹುಡುಕುತ್ತಿದ್ದಾರೆಂದು ನಿಮ್ಮ ಮುತ್ಯಾ ಸುದ್ದಿ ತಂದರು. ಸುದ್ದಿ ಹೇಳಿ ನನ್ನ ಕಡೆ ಒಮ್ಮೆ ನೋಡಿದರು. ಅಷ್ಟೇ ನೋಡಿದ್ದು, ಆದರೆ ಆ ನೋಟವನ್ನು ನಾನು ಎರಡು ದಿನ ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದೆ. ಒಲೆಯ ಮುಂದೆ ಕೂತು ಪಾಠ ಜೋಡಿಸಿದೆ. ಮೊದಲು ಕಾಳು ಆರಿಸುವುದು, ಆಮೇಲೆ ಹಗುರಾಗಿ ತಿರುವುವುದು, ಆಮೇಲೆ ಎಣ್ಣೆ. ಏಳನೇ ಇಯತ್ತೆಯ ಪುಸ್ತಕದ ಭಾಷೆಯಲ್ಲಿ ಜೋಡಿಸಿದೆ. ತಪ್ಪೇ ಇರಲಿಲ್ಲ.

ದೊಡ್ಡ ಅಕ್ಕೋರು ಬಂದರು, ಪಡಸಾಲೆಯಲ್ಲಿ ಕೂತರು. ಅತ್ತೆ ಎರಡೂ ಗಡಿಗೆಯ ಬೇಳೆಯನ್ನು ಮೊರದಲ್ಲಿ ಹಾಕಿ ಮುಂದಿಟ್ಟರು. ಅವರು ಎರಡನ್ನೂ ಬೊಗಸೆಯಲ್ಲಿ ಎತ್ತಿ ನೋಡಿ, ಇವನ್ನು ಹೇಗೆ ಮಾಡುತ್ತೀರಿ ಎಂದು ಯಾರನ್ನೂ ಹೆಸರಿಸದೆ ಕೇಳಿದರು. ನಾನು ಸೆರಗು ಸರಿ ಮಾಡಿಕೊಂಡೆ. ನನ್ನ ಮೊದಲ ವಾಕ್ಯ ಬಾಯಿಯ ಬಾಗಿಲ ತನಕ ಬಂದು ನಿಂತಿತ್ತು. ಅಷ್ಟರಲ್ಲಿ ಮಾಣಿಕಮ್ಮ ನೆನೆಸಿ, ಬಸಿದು, ಮಣ್ಣು ಕಲೆಸಿ, ಬಿಸಿಲಿಗೆ ಹರವಿ ಮುಗಿಸಿದ್ದಳು. ದೊಡ್ಡ ಅಕ್ಕೋರು ನಗುತ್ತ, ನೀವೇ ಬಂದುಬಿಡಿ ಎಂದರು. ಆ ಇನ್ನೊಂದು ಬೇಳೆ ಯಾರದು ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಸಣ್ಣ ಸೊಸೆ ಒಬ್ಬಳೇ ಊರ ಹೊರಗೆ ಹೋಗುವುದು ಬೇಡ, ದೊಡ್ಡವಳು ಜೊತೆಗಿರಲಿ ಎಂದು ಅತ್ತೆ ತೀರ್ಮಾನ ಮಾಡಿದರು. ಹೀಗೆ ನಾನೂ ಸಾಲಿ ಹೊಲಕ್ಕೆ ಹೋದೆ, ಜೋಡಿಯಾಗಿ. ಬೀಸುಕಲ್ಲು ತಿರುವುವವಳು ನಾನು, ಮಾತಾಡುವವಳು ಅವಳು. ನನಗೆ ಓದು ಬರಹ ಬರುತ್ತದೆಂದು ತಿಳಿದ ಮೇಲೆ ದೊಡ್ಡ ಅಕ್ಕೋರು ನನ್ನ ಕೈಗೆ ಸೀಮೆಸುಣ್ಣ ಕೊಟ್ಟರು. ಮಾಣಿಕಮ್ಮ ಹೇಳಿದ್ದನ್ನು ನಾನು ಕರಿಹಲಗೆಯ ಮೇಲೆ ದುಂಡಗೆ ಬರೆಯುತ್ತಿದ್ದೆ. ಮುಖ ಹಲಗೆಗೆ, ಬೆನ್ನು ಮಂದಿಗೆ. ನನಗೆ ಅದು ಒಗ್ಗುವ ಕೆಲಸವೇ. ಆದರೆ ಬರೆಯುವವಳನ್ನು ಯಾರೂ ಅಕ್ಕೋರು ಎನ್ನುವುದಿಲ್ಲ ಎಂದು ಆಗ ಗೊತ್ತಾಯಿತು.

ಅವಳನ್ನು ಅಂದರು. ಮೊದಲ ದಿನವೇ ಅಂದರು. ಫರಸಿಯ ಮೇಲೆ ಕೂತ ಹೆಂಗಸರಲ್ಲಿ ಯಾರೋ ಒಬ್ಬಳು, ಅಕ್ಕೋರೇ ಮಣ್ಣು ಎಷ್ಟು ಹಾಕಬೇಕು ಎಂದು ಕೇಳಿದಾಗ ಮಾಣಿಕಮ್ಮ ತನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದಳು. ಹಿಂದೆ ನಾನಿದ್ದೆ. ಅವಳು ನನ್ನನ್ನು ನೋಡಿ ಕಣ್ಣು ಅರಳಿಸಿದಳು, ಕೇಳಿದ್ಯಾ ಅಕ್ಕಾ ಎಂಬಂತೆ. ಸಹಿ ಮಾಡಲು ಬಾರದವಳು ಅವಳು. ನಾನು ಹಲಗೆಯ ಕಡೆ ತಿರುಗಿ, ಚೆನ್ನಾಗಿಯೇ ಇದ್ದ ಒಂದು ಅಕ್ಷರವನ್ನು ಅಳಿಸಿ ಮತ್ತೆ ಬರೆದೆ.

ಅವಳು ಕಲಿಸುತ್ತಿದ್ದ ರೀತಿಯೂ ಹಾಗಿತ್ತು. "ತೊಗರಿ ಮತ್ತ ಹೊಸಾ ಸೊಸಿ ಒಂದೇ ಜಾತಿ ನೋಡ್ರಿ. ಒಮ್ಮೆಲೆ ತಿಕ್ಕಾಕ ಹೋದ್ರ ಒಡದು ಚೂರಾಗ್ತಾರ. ನೆನಸಿ, ಮುಚ್ಚಿ, ಬಿಸಲು ತೋರಸ್ರಿ, ತಾವೇ ಸಿಪ್ಪಿ ಬಿಡ್ತಾರ." ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಅತ್ತೆಯಾದವರು ಸೊಸೆಯರನ್ನು ತಿವಿಯುತ್ತಿದ್ದರು. ಆ ನಗೆಯಲ್ಲಿ ಕಲಿತದ್ದನ್ನು ಅವರು ಮರೆಯುತ್ತಿರಲಿಲ್ಲ. ನಾನು ಕಲ್ಲು ತಿರುವುತ್ತ ನನ್ನ ಮನಸ್ಸಿನಲ್ಲಿ ಅವಳ ಪಾಠದ ಕುಂದು ಹುಡುಕುತ್ತಿದ್ದೆ. ಮೋಡ ಕವಿದರೆ, ಇವಳ ತೊಗರಿ ಇವತ್ತು ಒಣಗುವುದಿಲ್ಲ ಎಂದು ಒಳಗೊಳಗೇ ಸಮಾಧಾನವಾಗುತ್ತಿತ್ತು. ನನ್ನ ತೊಗರಿಯೂ ಮನೆಯ ಮಾಳಿಗೆ ಮೇಲೆ ಹರವಿದೆ ಎಂಬುದು ಆಮೇಲೆ ನೆನಪಾಗುತ್ತಿತ್ತು.

ಮುಂದಿನ ವರ್ಷದ ಸುಗ್ಗಿಗೆ ಅವಳು ಬಸುರಿ. ಕುಬುಸ ಮಾಡಿಸಿಕೊಂಡು ಹೆರಿಗೆಗೆ ಚಿಂಚೋಳಿಗೆ ಹೊರಟು ನಿಂತಾಗ ಸಾಲಿ ಹೊಲಕ್ಕೆ ಹೊಸ ತಂಡ ಬರುವುದಿತ್ತು. ಬಸ್ಸು ಹತ್ತುವ ಮುಂಚೆ ನನ್ನ ಕೈ ಹಿಡಿದುಕೊಂಡು, "ಅಕ್ಕಾ, ನಾ ಬರೂತನಕ ನೀನೇ ಹೇಳು. ಚೀಲದಾಗ ಮಣ್ ಅದ, ಸಾಕಾಗ್ತದ" ಎಂದಳು. ಹೇಳು ಎಂದದ್ದು ಅವಳೇ. ದೊಡ್ಡ ಅಕ್ಕೋರಿಗೂ ಹೇಳಿಟ್ಟು ಹೋಗಿದ್ದಳು.

ಈಗ ನೋಡಿ, ಹೊಟ್ಟೆಕಿಚ್ಚು ಮನುಷ್ಯನಿಂದ ಏನೇನು ಮಾಡಿಸುತ್ತದೆ. ಜೀವಮಾನದ ಆಸೆ ಕೈಗೆ ಬಂದಿದೆ. ಆದರೆ ಅದನ್ನು ಅವಳ ಚೀಲದ ಮಣ್ಣಿನಿಂದ ಮಾಡಬೇಕೇ ಎಂದು ನನಗೆ ಸಿಟ್ಟು. ಮನೆಯ ಅಡ್ಡಗೋಡೆಯ ಹಿಂದೆ ಆ ಚೀಲ ಅರ್ಧ ತುಂಬಿಕೊಂಡು ಕೂತಿತ್ತು. ನಾನು ಅದರ ಮುಂದೆಯೇ ಹಾದುಹೋದೆ. ಚಿತ್ತಾಪುರದ ಬಜಾರಿನಲ್ಲಿ ಕೆಮ್ಮಣ್ಣು ಸಿಗುತ್ತದೆ, ತರಿಸಿ ಎಂದು ಸಾಲಿ ಹೊಲದವರಿಗೆ ಹೇಳಿದೆ. ಬಂತು. ಎಷ್ಟು ಚೆಂದವಿತ್ತು ಅಂತೀರಿ. ಮಾಣಿಕಮ್ಮನ ಮಣ್ಣು ಒಡೆದ ಇಟ್ಟಿಗೆಯ ಬಣ್ಣದ್ದು, ಅದರಲ್ಲಿ ಹರಳು, ಬೇರಿನ ಚೂರು. ಇದು ಜರಡಿ ಹಿಡಿದ ಹಿಟ್ಟಿನಂತೆ ನುಣ್ಣಗೆ, ಕುಂಕುಮದಂತೆ ಕೆಂಪು. ನನ್ನ ಮಣ್ಣು ಅವಳದಕ್ಕಿಂತ ಮೇಲು ಎಂದು ನನಗೆ ಒಳಗೇ ಹಿಗ್ಗು.

ಕರಿ ಭೂಮಿಯವಳು ನಾನು. ಕೆಂಪಗಿದ್ದದ್ದೆಲ್ಲ ಕೆಮ್ಮಣ್ಣು ಎಂದುಕೊಂಡಿದ್ದೆ. ಗೋಡೆಗೆ ಸುಣ್ಣ ಬಳಿದ ಮೇಲೆ ಕೆಳಗೆ ಕೆಂಪು ಪಟ್ಟಿ ಎಳೆಯುತ್ತಾರಲ್ಲ, ಆ ಹುರಮಂಜಿ ಅದು. ನಮ್ಮ ಮನೆಯಲ್ಲಿ ಪಟ್ಟಿ ಎಳೆಯುವ ಕೆಲಸ ಗಂಡಸರದು. ಡಬ್ಬಿಯಲ್ಲಿ ಕಲೆಸಿದ ಬಣ್ಣ ನೋಡಿದ್ದೆ, ಒಣ ಪುಡಿಯನ್ನು ಕಂಡವಳಲ್ಲ.

ಪಾಠದ ದಿನ ಬಂತು. ಹಲಗೆಯ ಕಡೆ ಬೆನ್ನು ಮಾಡಿ ಮಂದಿಯ ಕಡೆ ಮುಖ ಮಾಡಿದೆ. ಏನು ಹೇಳಿದೆನೋ ನೆನಪಿಲ್ಲ, ಹೇಳಿದ್ದು ಮುಂದಿನ ಸಾಲಿಗೂ ಕೇಳಿಸಿತೋ ಇಲ್ಲವೋ. ಕೈ ಮಾತ್ರ ತನ್ನ ಕೆಲಸ ಮಾಡಿತು. ನೆನೆಸಿದ ತೊಗರಿಗೆ ಆ ಕೆಂಪು ಪುಡಿ ಕಲೆಸಿ ಮುಚ್ಚಿದೆ. ಬಿಸಿಲಿನ ದಿನಗಳು, ಚೆನ್ನಾಗಿ ಒಣಗಿತು. ತಂಡದವರನ್ನೆಲ್ಲ ಸುತ್ತ ಕೂಡಿಸಿಕೊಂಡು ಒಡೆಯಲು ಕೂತೆ. ದೊಡ್ಡ ಅಕ್ಕೋರೂ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕಲ್ಲಿನ ಬದಿಯಿಂದ ಬೇಳೆ ಉದುರತೊಡಗಿತು. ಸಿಪ್ಪೆ ಬಿಟ್ಟಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಬೇಳೆ ಹಳದಿ ಇರಲಿಲ್ಲ. ಕೆಂಪು. ತೇರಿನ ಪತಾಕೆಯಂಥ ಕೆಂಪು. ನನ್ನ ಕೈ, ಕಲ್ಲು, ಸೀರೆಯ ಅಂಚು ಎಲ್ಲ ಕೆಂಪು. ದೊಡ್ಡ ಅಕ್ಕೋರು ಒಂದು ಹಿಡಿ ತೆಗೆದು ನೀರಿಗೆ ಹಾಕಿದರು. ನೀರು ಓಕುಳಿಯಾಯಿತು. ಇನ್ನೊಂದು ನೀರಿಗೆ ಹಾಕಿದರು, ಅದೂ ಓಕುಳಿಯಾಯಿತು, ಬೇಳೆ ಮಾತ್ರ ಹಾಗೇ ಇತ್ತು.

ಆ ತಂಡದಲ್ಲಿ ವಾಡಿಯಿಂದ ಬಂದ ಖಾಸಿಂಬಿ ಎಂಬ ಹೆಂಗಸು ಇದ್ದಳು. ಗಂಡ ರೈಲ್ವೆಯಲ್ಲಿ ಗ್ಯಾಂಗಮನ್, ಇವಳು ಕೋಳಿ ಸಾಕಿ, ಕಾಯಿಪಲ್ಯ ಬೆಳೆದು ಸಂತೆಗೆ ಒಯ್ಯುವವಳು. ಅವಳು ಒಂದು ಕೆಂಪು ಬೇಳೆಯನ್ನು ಬೆರಳ ತುದಿಗೆ ಹಚ್ಚಿಕೊಂಡು, ಬೆಳಕಿಗೆ ಹಿಡಿದು ನೋಡಿ, ಬಹಳ ವಿನಯದಿಂದ ಕೇಳಿದಳು:

"ಅಕ್ಕೋರೇ, ಇದಕ್ಕ ಒಗ್ಗರಣಿ ಹಾಕಬೇಕೋ, ಇಲ್ಲಾ ಗ್ವಾಡಿಗಿ ಹಚ್ಚಬೇಕೋ?"

ಪತ್ರಾಸು ಹಾರಿಹೋಗುವಂತೆ ನಕ್ಕರು. ದೊಡ್ಡ ಅಕ್ಕೋರೂ ಸೆರಗು ಬಾಯಿಗಿಟ್ಟುಕೊಂಡರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆದರೆ ಮಕ್ಕಳೇ, ನಾನು ಇದುವರೆಗೆ ಯಾರಿಗೂ ಹೇಳದ ಒಂದು ಮಾತಿದೆ. ಆ ನಗೆಯ ನಡುವೆ, ಕಿವಿ ಕಾದು ಕೆಂಪಾಗಿದ್ದಾಗಲೂ, ನನ್ನೊಳಗೆ ಯಾರೋ ಮೆಲ್ಲಗೆ ಎಣಿಸಿದರು: ಅಕ್ಕೋರೇ ಅಂದಳು. ನನ್ನನ್ನೇ ಅಂದಳು.

ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಬಂದಿತ್ತು. ಆ ಬೇಳೆಯನ್ನೆಲ್ಲ ಗುಂಡಿ ತೋಡಿ ಮುಚ್ಚಿದರು. ವಾಡಿ ಸಂತೆಯಲ್ಲಿ ಖಾಸಿಂಬಿ ನನಗೆ ಹೆಸರಿಟ್ಟಳು, ಹುರಮಂಜಿ ಅಕ್ಕೋರು ಎಂದು. ಎಷ್ಟೋ ವರ್ಷದ ಮೇಲೆ ಶಹಾಬಾದಿನ ಒಂದು ಮದುವೆಯಲ್ಲಿ ಗುರುತಿಲ್ಲದ ಹೆಂಗಸೊಬ್ಬಳು, ಹುರಮಂಜಿ ಅಕ್ಕೋರು ಅಂದ್ರ ನೀವೇ ಏನ್ರಿ ಎಂದು ಕೇಳಿದ್ದಳು.

ಮಾಣಿಕಮ್ಮ ಮಗುವನ್ನು ಎತ್ತಿಕೊಂಡು ಬಂದಳು. ಬಂದ ದಿನವೇ ಯಾರೋ ಹೇಳಿದರು. ಅವಳು ತೊಟ್ಟಿಲ ಹಗ್ಗ ಹಿಡಿದುಕೊಂಡೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನು ರೊಟ್ಟಿ ಬಡಿಯುತ್ತಿದ್ದೆ; ಹಿಟ್ಟಿನ ಮೇಲೆ ನನ್ನ ಸಿಟ್ಟನ್ನೆಲ್ಲ ತೀರಿಸಿಕೊಳ್ಳುತ್ತಿದ್ದೆ. ನಕ್ಕು ಸುಸ್ತಾದ ಮೇಲೆ ಅವಳು ಬಂದು ನನ್ನ ಮಗ್ಗುಲಿಗೆ ಕೂತಳು.

"ಅಕ್ಕಾ, ನನ್ನ ಬ್ಯಾಳಿ ಯಾಕ ಮಾಡಾಕ ಹೋದಿ? ನಿನ್ನ ಎಣ್ಣಿ ಬ್ಯಾಳಿ ಹೇಳಿಕೊಟ್ಟಿದ್ರ ಆಗ್ತಿತ್ತಲ್ಲ."

"ನನ್ನ ಬ್ಯಾಳಿ ಯಾರ್ ಕೇಳ್ಯಾರ?" ಎಂದೆ. ಇಷ್ಟು ವರ್ಷದ್ದು ಒಂದೇ ಮಾತಿನಲ್ಲಿ ಬಂತು.

ಅವಳಿಗೆ ಅರ್ಥವೇ ಆಗಲಿಲ್ಲ. ನನ್ನ ಮುಖ ನೋಡಿದಳು. "ನನ್ನ ಬ್ಯಾಳಿ ಯಾರ್ ಕೇಳಿದ್ರು? ದೊಡ್ಡ ಅಕ್ಕೋರು ಇಬ್ಬರ ಮಾರಿನೂ ನೋಡಿ ಕೇಳಿದ್ರು. ನೀ ಸುಮ್ಕ ಕುಂ‌ತಿ. ನಾ ಹೇಳ್ದೆ."

ಅಷ್ಟೇ. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನಾನು ಜಗಳವಾಡಿ ಹಗುರಾಗುತ್ತಿದ್ದೆ. ಅಲ್ಲಿಯವರೆಗೆ ನಾನು ಅವಳ ಮಣ್ಣಿನ ಮೇಲೆ, ಬೇಳೆಯ ಕುಳಿಯ ಮೇಲೆ, ಅವಳ ನಗೆಯ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆ. ಅವತ್ತು ತಿಳಿಯಿತು, ಅವಳಲ್ಲಿ ಇದ್ದು ನನ್ನಲ್ಲಿ ಇಲ್ಲದ್ದು ಇನ್ನೊಂದು. ಯಾರಾದರೂ ಕೇಳಲಿ ಎಂದು ಅವಳು ಕಾಯುತ್ತಿರಲಿಲ್ಲ. ತನ್ನ ಮಾತು ಬೇಕೋ ಬೇಡವೋ ಎಂಬ ಅನುಮಾನವೇ ಅವಳಿಗೆ ಹುಟ್ಟಿನಿಂದ ಇರಲಿಲ್ಲ. ಬಂಗಾರದ ಮೇಲಿನ ಹೊಟ್ಟೆಕಿಚ್ಚಾದರೆ ಬಂಗಾರ ಮಾಡಿಸಿದರೆ ಹೋಗುತ್ತದೆ. ಇದಕ್ಕೆ ಯಾವ ಅಕ್ಕಸಾಲಿಗ?

ಸಾಲಿ ಹೊಲ ಆಮೇಲೆ ಹೆಚ್ಚು ಕಾಲ ನಡೆಯಲಿಲ್ಲ. ದೊಡ್ಡ ಅಕ್ಕೋರಿಗೆ ವರ್ಗವಾಯಿತು. ಹೊಸಬರು ಬರಲಿಲ್ಲ. ಆ ಫರಸಿಯ ಮನೆಯಲ್ಲಿ ಗೊಬ್ಬರದ ಚೀಲ ಒಟ್ಟಿದರು. ನನ್ನ ಎಣ್ಣೆ ಬೇಳೆಯ ಪಾಠ ಯಾರ ಕಿವಿಗೂ ಬೀಳದೆ ಉಳಿಯಿತು. ಮನೆ ಪಾಲಾಯಿತು, ಅವಳು ಸೇಡಮ್ಮಿಗೆ ಹೋದಳು, ನಾನು ಚಿತ್ತಾಪುರಕ್ಕೆ ಬಂದೆ.

ನಿಮ್ಮ ಮುತ್ಯಾ ತೀರಿಕೊಂಡಾಗ ಬಂದವರೆಲ್ಲ ಏನೇನೋ ಹೇಳಿದರು. ಮಾಣಿಕಮ್ಮ ಒಬ್ಬಳು ಮಾತಾಡಲಿಲ್ಲ. ನನ್ನ ಪಕ್ಕದಲ್ಲಿ ಕೂತಳು, ಎರಡೂ ಕೈಯ ಬಳೆಗಳ ಮೇಲೆ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು. ಯಾಕೆ ಹಾಗೆ ಕೂತಿದ್ದಾಳೆಂದು ನನಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು: ಬಳೆಯ ಸದ್ದು ನನಗೆ ಕೇಳಿಸಬಾರದೆಂದು. ಒಂಬತ್ತು ದಿನ ಹಾಗೆಯೇ ಇದ್ದಳು, ರೊಟ್ಟಿ ಬಡಿಯುವಾಗಲೂ. ನನ್ನ ಕಣ್ಣು ತುಂಬಿತು. ತುಂಬಿದ ಕಣ್ಣಲ್ಲೇ, ಇದು ನನಗಾದರೆ ಹೊಳೆಯುತ್ತಿತ್ತೇ ಎಂದು ಯೋಚನೆ ಬಂತು, ಮತ್ತೆ ಅದೇ ಉರಿ. ಅಂಥ ಹೊತ್ತಿನಲ್ಲೂ ಬಿಡದ ಉರಿ ಅದು. ಒಳ್ಳೆಯವರ ಮೇಲಿನ ಹೊಟ್ಟೆಕಿಚ್ಚು ಕೆಟ್ಟವರ ಮೇಲಿನದಕ್ಕಿಂತ ಕಷ್ಟದ್ದು, ಬೈದು ಮುಗಿಸುವಂತಿಲ್ಲ.

ಮೊನ್ನೆ ದೀಪಾ ಮಲಗಿದ ಮೇಲೆ, ಅಜವಾನದಿಂದಲೂ ಉರಿ ಇಳಿಯದೆ, ಸೇಡಮ್ಮಿಗೆ ಫೋನು ಹಚ್ಚಿಸಿಕೊಂಡೆ. ಹೀಗೊಂದು ಹೊಲ ಇದೆಯಂತೆ, ಅಲ್ಲಿ ನಿನ್ನ ಕೆಮ್ಮಣ್ಣಿನ ಬೇಳೆಯನ್ನೇ ಕಲಿಸುತ್ತಾರಂತೆ ಎಂದೆ. ಅವಳಿಗೆ ಖುಷಿಯೋ ಖುಷಿ. ನಮ್ಮ ಊರಿನಿಂದ ಅದು ಹತ್ತಿರವೇ, ನಾಳೆಯೇ ಹೋಗಿ ಎಲ್ಲ ಸರಿಯಾಗಿ ಹೇಳಿಕೊಟ್ಟು ಬರುತ್ತೇನೆ ಎಂದಳು. ಹೋಗುತ್ತಾಳೆ ಅವಳು. ಯಾರೂ ಕರೆಯಬೇಕಾಗಿಲ್ಲ.

"ನೀ ತಡಿ," ಎಂದೆ. "ಮೊದಲ ನಾ ಹೋಗ್ತೀನಿ."

ಮೂರು ಮನೆಗೆ ಕೇಳಿಸುವ ಆ ದನಿ ಒಮ್ಮೆಲೆ ತಗ್ಗಿತು.

"ಮಾತಾಡ್ತಿ?" ಎಂದಳು.

"ಮಾತಾಡ್ತೀನಿ."

"ಹಂಗಾದ್ರ ಹೋಗು," ಎಂದಳು. ನಗಲಿಲ್ಲ.

ನಿನ್ನೆ ರವಿವಾರ ನಿಮ್ಮ ಅಪ್ಪ ನನ್ನನ್ನು ಕರೆದುಕೊಂಡು ಹೋದ. ಕುಸುಬೆ ಎಣ್ಣೆಯ ಒಂದು ಸಣ್ಣ ಶೀಶೆ ಚೀಲದಲ್ಲಿ ಇಟ್ಟುಕೊಂಡಿದ್ದೆ. ಹೊಲ ಚೆನ್ನಾಗಿದೆ. ತೊಗರಿ ಎದೆಯೆತ್ತರ ಬಂದಿದೆ, ನಡುನಡುವೆ ಸಜ್ಜೆಯ ಸಾಲು. ಬೇವಿನ ನೆರಳಲ್ಲಿ ರಜೆಗೆಂದು ಪಟ್ಟಣದಿಂದ ಬಂದ ಮಕ್ಕಳು ಚಾಪೆಯ ಮೇಲೆ ಕೂತಿದ್ದರು. ಆ ಟೋಪಿಯ ಹುಡುಗಿ ಮಾತಾಡುತ್ತಿದ್ದಳು. ಇಪ್ಪತ್ತರ ಆಸುಪಾಸಿನ ವಯಸ್ಸು, ಎಷ್ಟು ಸಲೀಸಾಗಿ ಮಾತಾಡುತ್ತಾಳೆ ಅಂತೀರಿ. ನನಗೆ ಅವಳ ಮೇಲೂ ಹೊಟ್ಟೆಕಿಚ್ಚಾಯಿತು. ಈ ವಯಸ್ಸಿನಲ್ಲಿ ಹೊಸದೊಂದು ಸೇರಿಕೊಂಡಿತು. ನನ್ನನ್ನು ಕಂಡು, ಬರ್ರಿ ಅಜ್ಜಿ ಕುಂದ್ರಿ ಎಂದು ಕುರ್ಚಿ ತೋರಿಸಿ ತನ್ನ ಪಾಠ ಮುಂದುವರಿಸಿದಳು. ಅಕ್ಕೋರು ಎನ್ನಲಿಲ್ಲ. ಯಾಕೆ ಅಂದಾಳು?

ನಾನು ಕೂಡಲಿಲ್ಲ. ಕೂತರೆ ಮತ್ತೆ ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳು ನೆನೆಸುವುದು, ಮಣ್ಣು ಹಚ್ಚುವುದು ಎಲ್ಲ ಹೇಳಿದಳು, ಸರಿಯಾಗಿಯೇ ಹೇಳಿದಳು. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಯಾರೂ ಏನೂ ಕೇಳಿರಲಿಲ್ಲ. ಗಂಟಲು ಕಟ್ಟಿತು, ಕಟ್ಟಿದ ಗಂಟಲಲ್ಲೇ ಬಾಯಿ ತೆರೆದೆ.

"ಇನ್ನೊಂದು ಪರಿ ಅದ," ಎಂದೆ.

ಮಕ್ಕಳೆಲ್ಲ ತಿರುಗಿ ನೋಡಿದರು. ಟೋಪಿಯ ಹುಡುಗಿ, ಹೇಳ್ರಿ ಅಜ್ಜಿ ಎಂದು ಪಕ್ಕಕ್ಕೆ ಸರಿದಳು. ನಾನು ಹೇಳಿದೆ. ಪುಸ್ತಕದ ಭಾಷೆಯಲ್ಲಿ ಅಲ್ಲ, ಬಂದಹಾಗೆ ಹೇಳಿದೆ. ನಡುವೆ ಎರಡು ಸಲ ನಿಂತೆ. ಎಣ್ಣೆ ತೆಗೆದು ಒಂದು ಹುಡುಗಿಯ ಅಂಗೈಗೆ ಹಾಕಿ, ಹೀಗೆ ತಿಕ್ಕು ಎಂದು ತೋರಿಸಿದೆ. ಅವಳು ತಿಕ್ಕುತ್ತಿದ್ದವಳು ತಲೆಯೆತ್ತಿ, ಎರಡರಲ್ಲಿ ಯಾವ ಬೇಳೆ ರುಚಿ ಎಂದು ಕೇಳಿದಳು.

ನಮ್ಮ ಅತ್ತೆ ಮಾಣಿಕಮ್ಮನದು ಎಂದಿದ್ದರು. ಬಂದ ಬೀಗರೆಲ್ಲ ಮಾಣಿಕಮ್ಮನದೇ ಎಂದಿದ್ದರು. ದೊಡ್ಡ ಅಕ್ಕೋರು, ನಿಮ್ಮ ಮುತ್ಯಾ, ಎಲ್ಲರೂ. ಒಂದು ಗಳಿಗೆ ಅವರೆಲ್ಲ ನನ್ನ ಮುಂದೆ ಬಂದು ನಿಂತರು.

"ನಂದು," ಎಂದೆ. ಗಟ್ಟಿಯಾಗಿಯೇ ಎಂದೆ; ಹಿಂದಿನ ಸಾಲಿನವರಿಗೂ ಕೇಳಿಸಿರಬೇಕು.